ದೋಷ ಎಂಬ ಖಾನೆ

ಒತ್ತಿದರೆ ಒಂದು ಕುಂಯ್ ಕೂಡ ಇಲ್ಲ ಮೋಳೇ,
ಎಂದರು ಫೋನಿನಲ್ಲಿ ಉಪ್ಪಳದ ಉಮ್ಮಾಲಿಮ್ಮ.
ಮಳೆ ಹಿಡಿದು ನಾಲ್ಕನೇ ದಿನ,
ಸೊಸೆ ಹೆತ್ತು ಹನ್ನೊಂದು.
ಕಿಟಕಿ ಸರಳು, ಕುರ್ಚಿಯ ಬೆನ್ನು, ಫ್ರಿಜ್ಜಿನ ತಲೆ
ಎಲ್ಲಿ ನೋಡಿದರೂ ಒದ್ದೆ ತುಂಡುಬಟ್ಟೆ.
ಮನೆಗೆ ಮನೆಯೇ ಹಾಲು ಕಕ್ಕಿದ ವಾಸನೆ.

ಡ್ರೈಯರು ಶಾರ್ಜಾದ್ದು.
ಹದಿನಾಲ್ಕು ವರ್ಷ ಯಾರದೋ ಬಟ್ಟೆ ಒಗೆದು
ಬರುವಾಗ ಆ ಮನೆಯವರು ಕೊಟ್ಟದ್ದು.
ಕಾರ್ಗೋದ ಕೂಲಿ ಅದರ ಕ್ರಯಕ್ಕಿಂತ ಜಾಸ್ತಿ.
ಏಳು ಭಾಷೆಯ ಊರು ನಮ್ಮದು ಎನ್ನುತ್ತಾರೆ;
ಇದರ ಮೈಮೇಲೆ ಬರೆದದ್ದು ಎಂಟನೆಯದು.
ಉಮ್ಮಾಲಿಮ್ಮ ಬೆರಳಿಟ್ಟು ಓದಿದರು:
ಇದು ಬಾಗಿಲು. ಇದು ಬಿಸಿ.
ಇದು ಅಲ್ಲಾಹನಿಗೇ ಗೊತ್ತು.

ಮೊದಲು ಪ್ಲಗ್ಗು. ಐಟಿಐಯಲ್ಲಿ ಕಲಿಸಿದ್ದು ಅಷ್ಟೇ:
ದೊಡ್ಡ ರೋಗ ಹುಡುಕುವ ಮೊದಲು ಸಣ್ಣ ಮರೆವು ನೋಡು.
ಚೌಕ ಕಾಲಿನ ಪ್ಲಗ್ಗು, ನಮ್ಮ ದುಂಡು ತೂತು,
ನಡುವೆ ಒಂದು ಅಡಾಪ್ಟರು, ಸಂಧಾನಕ್ಕೆ ಬಂದವರ ಹಾಗೆ.
ಮೀಟರು ಇನ್ನೂರ ಹದಿನಾರು ಎಂದಿತು,
ಈ ಮಳೆಗೆ ಅದು ಒಳ್ಳೇ ವೋಲ್ಟೇಜು.
ಬಾಗಿಲ ಸ್ವಿಚ್ಚನ್ನು ಬೆರಳಲ್ಲಿ ಅದುಮಿದೆ: ಟಕ್.
ಅಂದರೆ ಅದಕ್ಕೆ ಜೀವ ಇದೆ.
ಬೆಲ್ಟು ಹರಿದಿಲ್ಲ. ಡ್ರಮ್ಮು ಕೈಗೆ ತಿರುಗುತ್ತದೆ,
ಒಳಗೆಲ್ಲೋ ಒಂದು ದಿರ್ಹಮು ಉರುಳಿದ ಸದ್ದು.

ಹಿಂದಿನ ತಗಡಿಗೆ ಎಂಟು ಸ್ಕ್ರೂ.
ಏಳು ಬಂತು. ಎಂಟನೆಯದಕ್ಕೆ ತುಕ್ಕು.
ತೆಂಗಿನೆಣ್ಣೆ ಬಿಟ್ಟು ಕಾದೆವು, ಚಾ ಕುಡಿದೆವು.
ನೀನು ಶಿರಿಯದ ಕೊರಪೊಳುವಿನ ಮೊಮ್ಮಗಳಲ್ಲವಾ?
ಹೌದು. ಹೊಳೆಯ ಪಾದೆಗೆ ಬಟ್ಟೆ ಬಡಿದವಳು,
ಒಣಗಿತೋ ಎಂದು ಕೆನ್ನೆಗೆ ತಾಗಿಸಿ ನೋಡುತ್ತಿದ್ದವಳು.
ಅವಳು ಮುಟ್ಟಿದ ಬಟ್ಟೆ ಮಡಿ,
ಅವಳು ಮಾತ್ರ ಜಾಲಿನ ಆಚೆ.
ಇಷ್ಟನ್ನೆಲ್ಲ ನಾನು ಹೇಳಲಿಲ್ಲ.
ಸ್ಕ್ರೂ ತಿರುಗಿತು.

ಫ್ಯೂಸು, ಹೆಬ್ಬೆರಳ ಉಗುರಿನಷ್ಟು ಬಿಳಿ ಡಬ್ಬಿ.
ಬಿಸಿ ಮೀರಿದಾಗ ಸಾಯುವುದೇ ಅದರ ಉದ್ಯೋಗ.
ಮೀಟರಿನ ಎರಡು ಮುಳ್ಳು ಇಟ್ಟೆ. ಬೀಪ್ ಇಲ್ಲ.
ಚೀಲದಲ್ಲಿ ಹೊಸತಿದೆ, ನೂರ ಎಂಬತ್ತು ರೂಪಾಯಿ.
ಆದರೆ ಯಾಕೆ ಸತ್ತಿತು ಎಂದು ಕೇಳದೆ ಫ್ಯೂಸು ಹಾಕುವವರು
ಮುಂದಿನ ವಾರ ಇನ್ನೊಂದು ಮಾರುವವರು.

ಬಿಸಿಗಾಳಿ ಹೊರಗೆ ಹೋಗುವ ಕೊಳವೆಗೆ ಟಾರ್ಚು ಬಿಟ್ಟೆ.
ನಾರು, ಬೇರು, ಒಣಹುಲ್ಲು,
ಅದರ ಮೇಲೆ ಯಂತ್ರವೇ ಉಗುಳಿದ ಗುಲಾಬಿ ಜುಂಗು,
ಯಾವುದೋ ಶಾರ್ಜಾದ ಟವೆಲಿನದ್ದು,
ಅದರ ಮೇಲೆ ನಾಲ್ಕು ಮೊಟ್ಟೆ. ತಿಳಿಹಸಿರು, ಕಂದು ಚುಕ್ಕೆ.
ಬೇಸಿಗೆಯಿಡೀ ಸುಮ್ಮನಿದ್ದ ತೂತು,
ಖಾಲಿ ಮನೆ ಎಂದೇ ಕಂಡಿರಬೇಕು.
ಹೊರಗೆ ಸರಿಗೆಯ ಮೇಲೆ ಕಪ್ಪು ಬಿಳಿ ಹಕ್ಕಿಯೊಂದು
ಬಾಲ ನೆಟ್ಟಗೆ ಮಾಡಿ ನಮ್ಮ ವಂಶವನ್ನೇ ಬೈಯುತ್ತಿತ್ತು.

ಯಾವ ಹಕ್ಕಿ ಅದು?
ಮಡಿವಾಳ, ಎಂದೆ.
ಅವರು ನನ್ನ ಮುಖ ನೋಡಿದರು, ನಾನು ಅವರದ್ದು.
ಮತ್ತೆ ನಕ್ಕ ನಗೆಗೆ ಕೂಸು ಎದ್ದಿತು.

ಎಷ್ಟು ಹೊತ್ತು ಓಡಿತ್ತು?
ಎರಡು ನಿಮಿಷ ಇರಬಹುದು.
ಫ್ಯೂಸು ಬೇಗ ಸತ್ತದ್ದು ಒಳ್ಳೆಯದಾಯಿತು.
ಮೊಟ್ಟೆಗೆ ಜೀವ ಇದೆಯಾ?
ಅದು ಮೀಟರಿನಲ್ಲಿ ತಿಳಿಯುವುದಿಲ್ಲ ಉಮ್ಮಾ.

ಕೋಲು ಹಾಕಿ ಎಳೆದರೆ ಐದು ನಿಮಿಷದ ಕೆಲಸ.
ಒಂದು ತಿಂಗಳು ಇರಲಿ, ಎಂದರು ಅವರೇ,
ಹೆತ್ತವಳು ಮಲಗಿದ ಮನೆ ಇದು.
ಒಲೆಯ ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿಕೊಟ್ಟೆ.
ಪ್ಲಾಸ್ಟಿಕ್ಕಿನ ಹಗ್ಗ, ಗಂಟು ಅಜ್ಜಿಯದು.

ಬಿಲ್ಲು ಬರೆಯಲೇಬೇಕು, ಅಂಗಡಿಯ ನಿಯಮ.
ದೋಷ: ಮಡಿವಾಳ.
ರಿಪೇರಿ: ಸದ್ಯಕ್ಕಿಲ್ಲ.
ಕೆಳಗೆ ಸಹಿ: ವಾರಿಜಾ ಮಡಿವಾಳ.
ಮುದಲಾಳಿ ಏನೆಂದುಕೊಂಡರೋ.

ಹೊರಡುವಾಗ, ಯಾರೂ ನೋಡುತ್ತಿಲ್ಲವೆಂದು,
ಹಗ್ಗದ ಮೇಲಿನ ಒಂದು ತುಂಡನ್ನು
ಕೆನ್ನೆಗೆ ತಾಗಿಸಿದೆ.
ಇನ್ನೂ ಸ್ವಲ್ಪ ಹಸಿ.